ಟ್ಯುನೀಷಿಯಾಕ್ಕೆ ಹಡಗು ಹತ್ತಿದ ಕುರ್ಚಿ

ದುಬೈಯ ಊದ್ ಮೇಥಾದಲ್ಲಿ ಒಂದು ಸಣ್ಣ ಹಲ್ಲಿನ ಕ್ಲಿನಿಕ್ಕಿನ ರಿಸೆಪ್ಶನ್ನಿನಲ್ಲಿ ನಾನು ಕೆಲಸಕ್ಕಿದ್ದೆ. ಅಲ್ಲಿದ್ದ ಇಬ್ಬರು ಡಾಕ್ಟರರಲ್ಲಿ ಕಿರಿಯಳು ಟ್ಯುನೀಷಿಯಾದವಳು, ಹೆಚ್ಚುಕಡಿಮೆ ನನ್ನದೇ ವಯಸ್ಸು. ಮೆಡಿಟರೇನಿಯನ್ ದಂಡೆಯ ಊರು ಅವಳದು. ಅಪ್ಪ ಅಲ್ಲಿನ ಬೀಚ್ ಹೋಟೆಲೊಂದರಲ್ಲಿ ಅಡುಗೆಯವರು. ನಾನು ಮಂಗಳೂರಿನ ಕಡೆಯವಳು. ಮೀನಿನ ಮಾತಿನಿಂದಲೇ ನಮ್ಮ ಸ್ನೇಹ ಶುರುವಾಯಿತು. ಆದರೆ ಅವಳ ದೇಶದ ಸರ್ಕಾರದ ಬಗ್ಗೆ ಏನಾದರೂ ಕೇಳಿದರೆ, "ನಮ್ಮಲ್ಲಿ ಆಲಿವ್ ಬಹಳ ಚೆನ್ನಾಗಿ ಬೆಳೆಯುತ್ತೆ" ಅನ್ನುತ್ತಿದ್ದಳು. ಇನ್ನೊಮ್ಮೆ ಕೇಳಿದರೆ ಕಡಲಿನ ಬಣ್ಣ ವರ್ಣಿಸುತ್ತಿದ್ದಳು. ಆಮೇಲೆ ನಾನು ಕೇಳುವುದನ್ನು ಬಿಟ್ಟೆ.

2011ರ ಜನವರಿಯಲ್ಲಿ ಜನ ದಂಗೆಯೆದ್ದಾಗ, ವರ್ಷಗಟ್ಟಲೆ ಆಳಿದ ಅವಳ ದೇಶದ ಅಧ್ಯಕ್ಷ ವಿಮಾನ ಹತ್ತಿ ಓಡಿಹೋದ. ಮರುದಿನ ಬೆಳಿಗ್ಗೆ ಅವಳು ಕೋಟು ಕೂಡ ಹಾಕಿಕೊಳ್ಳದೆ ನನ್ನ ಕೌಂಟರಿಗೆ ಬಂದು ನಿಂತಳು. ಕಣ್ಣು ಊದಿಕೊಂಡಿತ್ತು.

"ಇಷ್ಟು ವರ್ಷ ಅಪ್ಪ ಫೋನಿನಲ್ಲಿ ಹವಾಮಾನ ಬಿಟ್ಟು ಬೇರೇನೂ ಮಾತಾಡಿರಲಿಲ್ಲ. ಯಾರು ಕದ್ದು ಕೇಳ್ತಾರೋ ಅಂತ ಭಯ. ನಿನ್ನೆ ಸರ್ಕಾರಕ್ಕೆ ಬಾಯಿತುಂಬ ಬೈದರು. ನಾನು ಕೇಳ್ತಾ ಅಳ್ತಾ ಕೂತಿದ್ದೆ" ಅಂದಳು.

ಆ ಅಕ್ಟೋಬರಿನಲ್ಲಿ ಪರದೇಶದಲ್ಲಿದ್ದ ಅವಳ ದೇಶದವರಿಗೂ ಓಟು ಹಾಕುವ ಅವಕಾಶ ಸಿಕ್ಕಿತು. ನಾನೇ ಕಾರಿನಲ್ಲಿ ಕರೆದುಕೊಂಡು ಹೋದೆ. ಮದುವೆಗೆ ಬಂದವರ ಹಾಗೆ ಉಡುಗೆ ತೊಟ್ಟ ಜನ ಸಾಲಿನಲ್ಲಿ ನಿಂತಿದ್ದರು. ಒಬ್ಬ ಮುದುಕರು ಎದುರು ಸಿಕ್ಕವರನ್ನೆಲ್ಲ ತಬ್ಬಿಕೊಳ್ಳುತ್ತಿದ್ದರು. ಹೊರಗೆ ಬಂದವಳೇ ಅವಳು ಕೇಳಿದಳು: "ನೀವು ಇಂಡಿಯಾದಲ್ಲಿ ಓಟು ಹಾಕಿದ ಮೇಲೆ ಏನು ಮಾಡ್ತೀರಿ?"

"ಮನೆಗೆ ಹೋಗಿ ಊಟ ಮಾಡ್ತೇವೆ."

"ಅಷ್ಟೇನಾ?" ಎಂದು ನಕ್ಕಳು. "ಹಾಗಾದರೆ ಯಲ್ಲಾ, ನಡಿ, ಊಟ ಮಾಡೋಣ."

ಆ ಉತ್ಸಾಹ ಹಾಗೇ ಉಳಿಯಲಿಲ್ಲ. ಸರ್ಕಾರಗಳು ಬಂದವು, ಬಿದ್ದವು. ಡಿಗ್ರಿ ಮಾಡಿದ ಹುಡುಗರಿಗೆ ಕೆಲಸವಿಲ್ಲ, ಸಾಮಾನಿನ ಬೆಲೆ ಇಳಿಯುತ್ತಿಲ್ಲ ಎಂದು ಅವಳು ಪೇಪರು ಓದಿ ಹೇಳುತ್ತಿದ್ದಳು. 2015ರ ಬೇಸಿಗೆಯಲ್ಲಿ ಅವಳದೇ ಊರಿನ ಕಡಲ ದಂಡೆಯಲ್ಲಿ ಪ್ರವಾಸಿಗರ ಮೇಲೆ ಗುಂಡಿನ ದಾಳಿ ನಡೆಯಿತು. ಅಪ್ಪನ ಹೋಟೆಲು ಬೇರೆ ಕಡೆಯಿದ್ದದ್ದರಿಂದ ಅವರಿಗೇನೂ ಆಗಲಿಲ್ಲ. ಆದರೆ ಪ್ರವಾಸಿಗರು ಬರುವುದೇ ನಿಂತುಹೋಗಿ ಆ ಹೋಟೆಲೂ ಬಾಗಿಲು ಹಾಕಿತು. ಅಪ್ಪ ಮನೆಯಲ್ಲಿ ಕೂತರು.

ಅದರ ಮರುವರ್ಷ ಅವಳು ರಾಜೀನಾಮೆ ಕೊಡುವ ಸುದ್ದಿ ಹೇಳಿದಳು. ಊರಿಗೆ ಹೋಗಿ ಸ್ವಂತ ಕ್ಲಿನಿಕ್ ತೆರೆಯುತ್ತಾಳಂತೆ! ಬುದ್ಧಿ ಹೇಳಲೆಂದೇ ನಾನು ಅವಳನ್ನು ಮನೆಗೆ ಊಟಕ್ಕೆ ಕರೆದೆ. ನನ್ನ ಗಂಡ ಕಾರ್ಗೋ ಕಂಪೆನಿಯಲ್ಲಿದ್ದವರು. ಯಾವ ದೇಶದ ಬಂದರು ಹೇಗೆ ನಡೆಯುತ್ತಿದೆ ಎಂಬುದರ ಮೇಲೆ ಆ ದೇಶದ ಹಣೆಬರಹ ಹೇಳುವುದು ಅವರ ಅಭ್ಯಾಸ.

"ನಿಮ್ಮ ದೇಶ ಏಳಲಿಕ್ಕೆ ಇನ್ನೂ ಹತ್ತು ವರ್ಷ ಬೇಕು" ಎಂದು ಅವಳಿಗೆ ಇಂಗ್ಲಿಷಿನಲ್ಲಿ ಹೇಳಿ, ನನ್ನ ಕಡೆ ತಿರುಗಿ, "ನೀನಾದ್ರೂ ಹೇಳು ಮಾರಾಯ್ತಿ, ಇದೆಂಥ ಹುಚ್ಚು ಇವಳದ್ದು? ಇಲ್ಲಿ ಒಳ್ಳೆ ಕೆಲಸ ಉಂಟಲ್ಲ" ಅಂದರು.

ಅವಳಿಗೆ ಕನ್ನಡ ಅರ್ಥವಾಗದಿದ್ದರೂ ಮುಖ ಓದಲು ಬರುತ್ತಿತ್ತು. "ಎಲ್ಲರೂ ನಮ್ಮ ದೇಶದ ಭವಿಷ್ಯ ಹೇಳ್ತಾರೆ. ಆದರೆ ನಮ್ಮೂರಲ್ಲಿ ಹಲ್ಲು ನೋವು ನಿಂತಿಲ್ಲ. ಡಾಕ್ಟರುಗಳು ಮಾತ್ರ ಫ್ರಾನ್ಸಿಗೆ ಹೋಗಿದ್ದಾರೆ" ಅಂದಳು. ಮೀನಿನ ಮುಳ್ಳು ಬಿಡಿಸುತ್ತ, "ದೇಶ ಸರಿಯಾದ ಮೇಲೆ ಹೋಗ್ತೇನೆ ಅಂತ ಎಲ್ಲರೂ ಕೂತರೆ, ಸರಿ ಮಾಡೋರು ಯಾರು?" ಎಂದಳು.

ಗಂಡ ಮೀನು ಸಾರನ್ನು ಇನ್ನೊಮ್ಮೆ ಬಡಿಸಿಕೊಂಡರು.

ಅದೇ ಹೊತ್ತಿಗೆ ನಮ್ಮ ಕ್ಲಿನಿಕ್ಕಿನಲ್ಲಿ ಹಲ್ಲು ನೋಡಲು ರೋಗಿಗಳನ್ನು ಕೂರಿಸುವ ಹಳೆಯ ಕುರ್ಚಿಯನ್ನು ತೆಗೆದು ಹೊಸದನ್ನು ಹಾಕಿಸುವವರಿದ್ದರು. ಹಳೆಯದನ್ನು ಅವಳು ಕೇಳಿ ತೆಗೆದುಕೊಂಡಳು. ಅದನ್ನು ಟ್ಯುನೀಷಿಯಾಕ್ಕೆ ಸಾಗಿಸುವ ಭಾರ, ಹೋಗುವುದೇ ಹುಚ್ಚು ಎಂದಿದ್ದ ನನ್ನ ಗಂಡನೇ ಹೊತ್ತರು. ಪ್ಯಾಕಿಂಗಿನವರು ಮೊಳೆ ಸಡಿಲ ಬಿಟ್ಟರೆಂದು, ದುಬೈಯ ವಾರದ ರಜೆಯಾದ ಶುಕ್ರವಾರ ಇಗರ್ಜಿಯಲ್ಲಿ ಪೂಜೆ ಮುಗಿಸಿದವರೇ ನೇರ ಗೋದಾಮಿಗೆ ಹೋಗಿ ನಿಂತು ಮರದ ಪೆಟ್ಟಿಗೆಗೆ ಮತ್ತೆ ಮೊಳೆ ಹೊಡೆಸಿದರು. ಅವಳು ವಿಮಾನ ಹತ್ತಿದಳು, ಕುರ್ಚಿ ಹಡಗು ಹತ್ತಿತು.

ಕುರ್ಚಿ ಅಲ್ಲಿನ ಬಂದರಿಗೆ ಮುಟ್ಟಿದಾಗ ಅಲ್ಲಿ ಮುಷ್ಕರ! ಪೆಟ್ಟಿಗೆ ವಾರಗಟ್ಟಲೆ ಶೆಡ್ಡಿನಲ್ಲೇ ಬಿದ್ದಿತ್ತು. ಗಂಡ ಫೋನಿನಲ್ಲಿ, "ಖಲಾಸ್, ಇನ್ನು ಅದರ ಆಸೆ ಬಿಡು" ಎಂದು ಅವಳಿಗೆ ಹೇಳಿಯೇಬಿಟ್ಟರು.

"ಮೊದಲು ನಮ್ಮಲ್ಲಿ ಮುಷ್ಕರ ಮಾಡಿದವರನ್ನು ಜೈಲಿಗೆ ಹಾಕ್ತಿದ್ದರು" ಅಂದಳು ಅವಳು. "ಈಗ ಅವರ ಜೊತೆ ಕೂತು ಮಾತಾಡ್ತಿದ್ದಾರೆ. ನನಗೆ ಸಿಟ್ಟು ಬಂದಿದೆ ನಿಜ, ಆದರೂ ಕಾಯ್ತೇನೆ."

ಕಾದಳು. ಕುರ್ಚಿ ಬಂತು. ಮೊದಲ ರೋಗಿಯಾಗಿ ಅವಳ ಅಪ್ಪನೇ ಅದರಲ್ಲಿ ಬಾಯಿ ತೆರೆದು ಕೂತ ಫೋಟೋ ನಮಗೆ ಬಂದಾಗ, ಗಂಡ ಅದನ್ನು ದೊಡ್ಡದು ಮಾಡಿ ನೋಡಿದರು. ಅಪ್ಪನ ಬಾಯಿಯನ್ನಲ್ಲ, ಕುರ್ಚಿಯ ಕಾಲನ್ನು. "ಒಂದು ಗೀರೂ ಬೀಳಲಿಲ್ಲ ನೋಡು" ಅಂದರು.

2019ರ ಬೇಸಿಗೆ ರಜೆಯಲ್ಲಿ ನಾವು ಮಗಳನ್ನೂ ಕರೆದುಕೊಂಡು ಅವಳೂರಿಗೆ ಹೋದೆವು. ಬೀದಿಗಳಲ್ಲಿ ಬಣ್ಣ ಕಾಣದ ಕಟ್ಟಡಗಳು ಇನ್ನೂ ಬಹಳ ಇದ್ದವು. ಕೆಲಸವಿಲ್ಲದ ಯುವಕರು ಕಾಫಿ ಅಂಗಡಿಗಳಲ್ಲಿ ತುಂಬಿದ್ದರು. ಆದರೆ ಬೀಚಿನಲ್ಲಿ ಕೊಡೆಗಳು ಮತ್ತೆ ಅರಳಿದ್ದವು, ಮುಚ್ಚಿದ್ದ ಹೋಟೆಲು ತೆರೆದಿತ್ತು, ಅವಳಪ್ಪನನ್ನು ಅಡುಗೆಗೆ ವಾಪಸ್ ಕರೆದಿದ್ದರು. ಫ್ರಾನ್ಸಿನಿಂದ ಮರಳಿದ ಒಬ್ಬ ಹುಡುಗಿ ಅವಳ ಕ್ಲಿನಿಕ್ಕಿನಲ್ಲಿ ಎರಡನೆಯ ಡಾಕ್ಟರಾಗಿ ಸೇರಿದ್ದಳು.

ತಮ್ಮ ರಜೆಯ ದಿನ ಅವಳಪ್ಪ ನಮಗಾಗಿ ಅಂಗಳದಲ್ಲಿ ಕೆಂಡದ ಮೇಲೆ ಮೀನು ಸುಟ್ಟರು. ಹತ್ತಿರವಿದ್ದ ಚುನಾವಣೆಯ ಮಾತೆದ್ದಿತು. ಪಕ್ಕದ ಮನೆಯವರು ಗೋಡೆಯ ಆ ಕಡೆಯಿಂದಲೇ ಕೂಗಿ ಏನೋ ಹೇಳಿದರು. ಅಪ್ಪ ಮೀನು ತಿರುವುವ ಇಕ್ಕಳ ಹಿಡಿದೇ ತಿರುಗಿ ಇನ್ನೂ ಜೋರಾಗಿ ಕೂಗಿದರು.

ಮಗಳು ಗಾಬರಿಯಾಗಿ, "ಮಮ್ಮಾ, ಆರ್ ದೇ ಫೈಟಿಂಗ್?" ಎಂದು ಕೇಳಿದಳು.

"ಇಲ್ಲ" ಎಂದು ನನ್ನ ಸ್ನೇಹಿತೆಯೇ ಉತ್ತರ ಕೊಟ್ಟಳು. "ಯಾರಿಗೆ ಓಟು ಹಾಕಬೇಕು ಅಂತ ಮಾತಾಡ್ತಿದ್ದಾರೆ." ಮೀನಿನ ಒಂದು ಭಾಗವನ್ನು ತಟ್ಟೆಗೆ ಹಾಕಿ, ಗೋಡೆಯ ಆಚೆಯವರಿಗೆ ಕೊಟ್ಟು ಬರಲು ಹೋದಳು.