ಮೇನ್ ಇಳಿಸಿದ ಮಧ್ಯಾಹ್ನ

ಆ ಮಧ್ಯಾಹ್ನ ಕರೆಂಟ್ ಹೋಗಿರಲಿಲ್ಲ. ಸಿಡಿಲೂ ಬಿದ್ದಿರಲಿಲ್ಲ. ಮೊಮ್ಮಗಳ ಲ್ಯಾಪ್‌ಟಾಪಿನಲ್ಲಿ ಇದ್ದದ್ದೆಲ್ಲ ಅಳಿಸಿಹೋದದ್ದು ನಾನು ಮನೆಯ ಮೇನ್ ಸ್ವಿಚ್ ಇಳಿಸಿದ್ದರಿಂದ. ಮಗ ತನ್ನ ಪಂಕ್ಚರ್ ಅಂಗಡಿಗೆ ಬಂದವರಿಗೆಲ್ಲ ಸಿಡಿಲಿನ ಕಥೆ ಹೇಳಿದ್ದಾನೆ. ಸೊಸೆ ತವರಿಗೆ ಫೋನ್ ಮಾಡಿ, ಕರೆಂಟ್ ಕೈಕೊಟ್ಟಿತು ಎಂದಿದ್ದಾಳೆ. ಇಬ್ಬರೂ ನನ್ನ ಮಾನ ಉಳಿಸಲು ಹೇಳಿದ್ದು. ನನಗೆ ಅದು ಬೇಕಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ನಮ್ಮ ಮನೆ ಸವಳಂಗದಲ್ಲಿ. ಮೊಮ್ಮಗಳು ಹೊನ್ನಾಳಿಗೆ ಹೋಗಿಬಂದು ಬಿಸಿಎ ಕೊನೆಯ ವರ್ಷ ಓದುತ್ತಿದ್ದಳು. ಕೊನೆಯ ವರ್ಷದವರು ತಾವೇ ಒಂದು ಪ್ರೋಗ್ರಾಮ್ ಬರೆದು, ಅದನ್ನು ಮೇಷ್ಟ್ರ ಮುಂದೆ ನಡೆಸಿ ತೋರಿಸಬೇಕು. ಅದಕ್ಕೆ ಪ್ರಾಜೆಕ್ಟ್ ಎನ್ನುತ್ತಾರೆ. ಅದು ಆಗದಿದ್ದರೆ ಪಾಸಿಲ್ಲ. ಇವಳು ಆರಿಸಿಕೊಂಡಿದ್ದು ಬಸ್ಸುಗಳನ್ನು. ಊರಿನ ಹೆಸರು ಒತ್ತಿದರೆ ಆ ಊರಿಗೆ ಮುಂದಿನ ಬಸ್ಸು ಎಷ್ಟು ಗಂಟೆಗೆ ಎಂದು ತೋರಿಸಬೇಕು.

"ಸ್ಟ್ಯಾಂಡಿಗೆ ಹೋಗಿ ನಿಂತ್ರೆ ಬಸ್ಸು ಬರ್ತೈತೆ. ಇದಕ್ಕೆ ಕಂಪ್ಯೂಟರ್ ಯಾಕೆ?" ಎಂದು ನಾನು ಕೇಳಿದ್ದೆ.

"ನಿಂತು ನಿಂತು ಮೊಣಕಾಲು ನೋವು ಅಂತ ದಿನಾ ವಟಗುಟ್ತೀಯಲ್ಲ ಅಜ್ಜಿ, ಅದಕ್ಕೇ."

ಜೊತೆಗೆ ಇನ್ನೊಬ್ಬಳು ಹುಡುಗಿ ಇದ್ದಳು. ಜಗಳೂರು ಕಡೆಯ ಬಿಳಿಚೋಡಿನವಳು, ಹೊನ್ನಾಳಿಯಲ್ಲಿ ಹಾಸ್ಟೆಲಿನಲ್ಲಿದ್ದಳು. ಇಬ್ಬರಿಗೂ ಸೇರಿ ಒಂದೇ ಪ್ರಾಜೆಕ್ಟ್. ಜಗಳೂರಿನ ಬಸ್ಸುಗಳು ಅವಳ ಪಾಲು. ನಮ್ಮ ಸವಳಂಗ, ನ್ಯಾಮತಿ, ಹೊನ್ನಾಳಿ, ಚನ್ನಗಿರಿಯವು ನಮ್ಮವಳ ಪಾಲು. ರಜೆ ಸಿಕ್ಕಾಗಲೆಲ್ಲ ಸ್ಟ್ಯಾಂಡುಗಳಲ್ಲಿ ನಿಂತು ವೇಳೆ ಬರೆದುಕೊಂಡಳು. ಮೂರು ತಿಂಗಳು ಹಿಡಿಯಿತು. ಒಮ್ಮೆ ಚನ್ನಗಿರಿಗೆ ನನ್ನನ್ನೂ ಕರೆದುಕೊಂಡು ಹೋಗಿದ್ದಳು. ಮುದುಕಿ ಪಕ್ಕದಲ್ಲಿದ್ದರೆ ಕಂಡಕ್ಟರುಗಳು ನೆಟ್ಟಗೆ ಉತ್ತರ ಕೊಡುತ್ತಾರೆ ಎಂದು ಅವಳ ಲೆಕ್ಕ. ಬಸವಾಪಟ್ಟಣದ ಬಸ್ಸಿನ ಕಂಡಕ್ಟರ್ ಮಾತ್ರ ನನ್ನನ್ನೇ ಮೇಲಿಂದ ಕೆಳಗೆ ನೋಡಿ, "ಏನಜ್ಜಿ, ಚೆಕಿಂಗಿಗೆ ಬಂದೀರಾ?" ಎಂದ. "ಹೌದು, ಟಿಕೆಟ್ ತೋರಿಸ್ರಿ" ಎಂದೆ. ನಕ್ಕು ನಾಲ್ಕು ಬಸ್ಸಿನ ವೇಳೆ ಹೇಳಿದ.

ಈಗ ಲ್ಯಾಪ್‌ಟಾಪಿನ ವಿಷಯ. ಅದು ಮೇಲಿನ ತರಗತಿಯವಳೊಬ್ಬಳು ಬಳಸಿ ಬಿಟ್ಟದ್ದು. ಬ್ಯಾಟರಿ ಸತ್ತಿತ್ತು, ವೈರ್ ಚುಚ್ಚಿದರೆ ಮಾತ್ರ ಜೀವ. ಬೆಳಿಗ್ಗೆ ಅದರ ಬಟನ್ ಒತ್ತಿ ಅವಳು ಬಚ್ಚಲಿಗೆ ಹೋಗಿ ಸ್ನಾನ ಮುಗಿಸಿ ಬರುವ ಹೊತ್ತಿಗೆ ತೆರೆ ಬೆಳಗುತ್ತಿತ್ತು. ಅದನ್ನಾದರೂ ಸಹಿಸಿಕೊಂಡಿದ್ದಳು. ಆದರೆ ಕಾಲೇಜಿನ ಕಂಪ್ಯೂಟರುಗಳಲ್ಲಿ ಇರುವ ಸಿಸ್ಟಮ್ಮೇ ಬೇರೆ. ಲಿನಕ್ಸ್ ಅಂತೆ. ಮನೆಯಲ್ಲಿ ನಡೆಯುತ್ತಿದ್ದ ಪ್ರೋಗ್ರಾಮ್ ಅಲ್ಲಿ ಮುಗ್ಗರಿಸಿತು. "ಅದೇ ಸಿಸ್ಟಮ್ ಹಾಕ್ಕೊಂಡು ಸರಿಮಾಡ್ಕೊಂಡು ಬಾ" ಎಂದು ಮೇಷ್ಟ್ರು ಹೇಳಿ ಕಳಿಸಿದರು. ಸೋಮವಾರ ತೋರಿಸಬೇಕಿತ್ತು. ಹೇಳಿದ್ದು ಬುಧವಾರ.

ಗುರುವಾರ ಊಟವಾದ ಮೇಲೆ ಅವಳು ನಡುಮನೆಯಲ್ಲಿ ಕೂತು ಶುರುಮಾಡಿದಳು. ಏನು ಮಾಡುತ್ತಿದ್ದೀಯ ಎಂದು ಕೇಳಿದೆ.

"ಮನೆ ಅದೇ ಅಜ್ಜಿ. ಒಳಗೆ ಇರೋ ಯಜಮಾನನ್ನ ಬದಲಾಯಿಸ್ತೀನಿ."

"ಹಳೇ ಯಜಮಾನನ ಸಾಮಾನು?"

"ಅದಕ್ಕೆ ಒಂದು ಕೋಣೆ ಬಿಡ್ತೀನಿ. ಬಸ್ಸಿನ ವೇಳೆ ಎಲ್ಲ ಅಲ್ಲೇ ಇರ್ತಾವೆ. ಈಗ ಮಧ್ಯದ ಗೋಡೆ ಸರಿಸ್ತಾ ಐತೆ, ನೋಡು."

ನೋಡಿದೆ. ತೆರೆಯ ಮೇಲೆ ಒಂದು ಪಟ್ಟಿ ಇರುವೆಯ ನಡಿಗೆಯಲ್ಲಿ ತುಂಬುತ್ತಿತ್ತು. ಅವಳ ಹತ್ತಿರ ಇದ್ದದ್ದು ಒಂದೇ ಪೆನ್‌ಡ್ರೈವ್. ಬಸ್ಸಿನ ವೇಳೆಯ ಇನ್ನೊಂದು ಪ್ರತಿ ಅದರಲ್ಲಿತ್ತು. ಅದನ್ನು ಅಳಿಸಿ, ಹೊಸ ಸಿಸ್ಟಮ್ಮನ್ನು ಅದಕ್ಕೆ ತುಂಬಿ ತಂದಿದ್ದಳು. ಮೊದಲು ಬರೆದುಕೊಂಡದ್ದೆಲ್ಲ ಫೋನಿನಲ್ಲಿತ್ತು, ಜಾಗ ಸಾಲದೆಂದು ಅದನ್ನೂ ತೆಗೆದಿದ್ದಳು. ಇದು ಅವಳ ತಪ್ಪು. ನನ್ನದನ್ನು ಬರೆಯುವವಳು ಅವಳದನ್ನು ಬಿಡುವುದಿಲ್ಲ.

"ಅಜ್ಜಿ, ಇದು ಮುಗಿಯೋತನಕ ಯಾರೂ ಮುಟ್ಟಬಾರದು. ಬಟನ್ ಮುಟ್ಟಬ್ಯಾಡ, ವೈರ್ ಮುಟ್ಟಬ್ಯಾಡ, ಧೂಳು ಒರೆಸಾಕೂ ಹೋಗಬ್ಯಾಡ."

"ನಿನ್ನ ಡಬ್ಬಿ ಮುಟ್ಟಿ ನನಗೇನು ಆಗಬೇಕೈತೆ?" ಎಂದೆ.

ಮೂರು ಗಂಟೆಗೆ ಮೋಡ ಕವಿಯಿತು. ಮನೆಯ ಮುಂದೆ ಮೆಕ್ಕೆಜೋಳ ಹರವಿತ್ತು. ಸೊಸೆ ಹೊರಗಿನಿಂದ ಕೂಗಿಕೊಂಡಳು. ಮೊಮ್ಮಗಳು ತಾಡಪಾಲು ಎತ್ತಿಕೊಂಡು ಓಡಿದಳು. ನನಗೆ ಓಡಲು ಆಗುವುದಿಲ್ಲ, ಒಳಗೇ ಉಳಿದೆ. ಆಗ ಗುಡುಗಿತು.

ಎರಡು ವರ್ಷದ ಹಿಂದೆ ಸಿಡಿಲಿಗೆ ನಮ್ಮ ಟಿವಿ ಸುಟ್ಟಿತ್ತು. ಗೋಡೆಯ ಮೇಲೆ ಮಸಿ ಹಿಡಿದದ್ದು ಇನ್ನೂ ಇದೆ. ಹೊಸದು ತಂದ ದಿನದಿಂದ ಗುಡುಗಿದರೆ ಮೇನ್ ಇಳಿಸುವುದು ನನ್ನ ಕೆಲಸ. ಮೇನ್ ಸ್ವಿಚ್ ಇರುವುದು ಪಡಸಾಲೆಯಲ್ಲಿ, ಚಪ್ಪಲಿ ಬಿಡುವ ಜಾಗದ ಮೇಲೆ. ಹೋದೆ, ಇಳಿಸಿದೆ. ಡಬ್ಬಿ ಮುಟ್ಟಬೇಡ ಎಂದಿದ್ದಳು, ಮುಟ್ಟಲಿಲ್ಲ. ಮೇನ್ ಇಳಿಸಿದರೆ ಆ ಡಬ್ಬಿಯೂ ಆರುತ್ತದೆ ಎಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆರಿದರೆ ಮತ್ತೆ ಹತ್ತುತ್ತದೆ, ಟಿವಿಯ ಹಾಗೆ, ಎಂದುಕೊಂಡಿದ್ದೆ.

ಮಳೆ ಜೋರಾಗಿ ಹೊಡೆದು ಅರ್ಧ ಗಂಟೆಯಲ್ಲಿ ನಿಂತಿತು. ತಾಯಿ ಮಗಳು ಇನ್ನೂ ಅಂಗಳದಲ್ಲಿ ಜೋಳದ ಸುತ್ತ ನೀರಿಗೆ ಕಾಲುವೆ ತೋಡುತ್ತಿದ್ದರು. ನಾನು ಮೇನ್ ಎತ್ತಿದೆ. ಬಲ್ಬು ಹತ್ತಿದ್ದು ನೋಡಿ ಸೊಸೆ, "ಕರೆಂಟ್ ಬಂತು" ಎಂದಳು. "ಹೋಗಿತ್ತಾ?" ಎಂದು ಕೇಳಿದ ಮೊಮ್ಮಗಳ ದನಿ ಈಗಲೂ ಕಿವಿಯಲ್ಲಿದೆ. ಕೆಸರುಗಾಲಲ್ಲೇ ಒಳಗೆ ಬಂದಳು.

ಬಟನ್ ಒತ್ತಿದಳು. ಕಪ್ಪು ತೆರೆ, ಅದರ ಮೇಲೆ ಎರಡು ಸಾಲು ಬಿಳಿ ಅಕ್ಷರ. ಮತ್ತೆ ಒತ್ತಿದಳು. ಅದೇ. ಬಿಳಿಚೋಡಿನ ಹುಡುಗಿಗೆ ಫೋನ್ ಹಚ್ಚಿದಳು. ಆ ಹುಡುಗಿ ತಿಂಗಳ ಹಿಂದೆಯೇ ತನ್ನ ಲ್ಯಾಪ್‌ಟಾಪಿಗೆ ಹೊಸ ಸಿಸ್ಟಮ್ ಹಾಕಿಕೊಂಡಿದ್ದಳು.

"ಗೋಡೆ ಸರಿಸ್ತಾ ಇದ್ದಾಗ ಆಫ್ ಆತಾ? ಅಯ್ಯೋ. ಹಂಗಾದ್ರೆ ಎರಡು ಕಡೀದೂ ಹೋಗಿರ್ತೈತೆ ಕಣೆ."

"ತೆಗಿಯಾಕೆ ಬರಲ್ಲೇನೇ?"

"ನನಗಂತೂ ಗೊತ್ತಿಲ್ಲ. ಪ್ರೋಗ್ರಾಮ್ ನನ್ನತ್ರ ಐತೆ, ಜಗಳೂರಿನ ವೇಳೆನೂ ಐತೆ. ನಿನ್ನವು?"

ನಮ್ಮವಳು ಫೋನ್ ಇಟ್ಟಳು.

ಅಳಲಿಲ್ಲ. ಅತ್ತಿದ್ದರೆ ನಾನು ಆಗಲೇ ಬಾಯಿಬಿಡುತ್ತಿದ್ದೆನೇನೋ. ಮೇಷ್ಟ್ರಿಗೆ ಫೋನ್ ಮಾಡಿ ಕರೆಂಟ್ ಹೋಯಿತು ಎಂದಳು. ಸ್ಪೀಕರ್ ಹಾಕಿದ್ದಳು, ಎಲ್ಲರಿಗೂ ಕೇಳಿಸಿತು. "ಪ್ರತಿ ವರ್ಷ ಕೊನೇ ವಾರದಲ್ಲಿ ಎಲ್ಲರ ಮನೇಲೂ ಕರೆಂಟ್ ಹೋಗ್ತದಮ್ಮ. ಸೋಮವಾರ ಬಾ. ಖಾಲಿ ಪಟ್ಟಿ ತಂದ್ರೆ ಪಾಸ್ ಮಾಡಾಕೆ ಆಗಲ್ಲ, ಈಗ್ಲೇ ಹೇಳಿರ್ತೀನಿ."

ಅಂಗಡಿಯಿಂದ ಬಂದ ಮಗ ವಿಷಯ ಕೇಳಿದವನೇ ಲೈನ್‌ಮನ್‌ಗೆ ಫೋನ್ ಮಾಡಿದ. "ಏನ್ರೀ, ನಾಲ್ಕು ಹನಿ ಬೀಳೋದೇ ತಡ, ಕರೆಂಟ್ ತೆಗೆದು ಮಲಗ್ತೀರೇನ್ರೀ? ಒಂದು ಹುಡುಗಿ ಓದು ಹಾಳಾತು ನಿಮ್ಮಿಂದ." ಇನ್ನೂ ಏನೇನೋ ಅಂದ. ನಾನು ಮೊರ ಹಿಡಿದು ಅಕ್ಕಿ ಆರಿಸುತ್ತ ಅದನ್ನೆಲ್ಲ ಕೇಳಿಸಿಕೊಂಡೆ. ಸುಮ್ಮನಿದ್ದೆ. ಹೆದರಿದ್ದೆ. ಬೇರೆ ಕಾರಣವಿಲ್ಲ.

ಆ ಲೈನ್‌ಮನ್ ಹಟದ ಮನುಷ್ಯ. ಫೋನಿನಲ್ಲಿ ಬೈಸಿಕೊಂಡು ಸುಮ್ಮನಾಗದೆ ಬೈಕ್ ಹತ್ತಿ ಮನೆಗೇ ಬಂದ. ಮಳೆಯಲ್ಲಿ ನೆನೆದ ಟೋಪಿ ಇನ್ನೂ ಒದ್ದೆ ಇತ್ತು.

"ಲೈನ್ ಆಫೇ ಆಗಿಲ್ಲ ರೀ. ಎದುರುಗಡೆ ಗಿರಣೀಲಿ ಹಿಟ್ಟು ಬೀಸ್ತಾ ಇದ್ರು, ಹೋಗಿ ಕೇಳ್ರಿ."

"ಹಂಗಾದ್ರೆ ನಮ್ಮ ಮನೇಗೆ ಮಾತ್ರ ಹೆಂಗ್ರೀ ಹೋತು?" ಮಗ ಇನ್ನೂ ಬಿಟ್ಟಿರಲಿಲ್ಲ.

ಲೈನ್‌ಮನ್ ಮೇನ್ ಬಾಕ್ಸ್ ತೆಗೆದು ನೋಡಿದ. "ಫ್ಯೂಜ್ ಸರಿ ಐತೆ. ಯಾರೋ ಮೇನ್ ಇಳಿಸಿರಬೇಕು, ತಾನೇ ಇಳಿಯಾಕೆ ಅದಕ್ಕೇನು ಕಾಲೈತಾ?"

ಮೊರ ಕೆಳಗಿಟ್ಟೆ. "ನಾನು ಇಳಿಸ್ದೆ" ಎಂದೆ.

ಮಗ ತಲೆ ಕೆರೆದುಕೊಂಡ. ಲೈನ್‌ಮನ್ ಬಾಕ್ಸಿನ ಮುಚ್ಚಳ ಹಾಕಿ, ಮಗನ ಕಡೆ ತಿರುಗಿ, "ಬೈದಿದ್ದಕ್ಕೆ ಒಂದು ಲೋಟ ಚಾನಾದ್ರೂ ಕುಡಿಸ್ರಿ" ಎಂದ. ಸೊಸೆ ಒಲೆಯ ಕಡೆ ಹೋದಳು.

ಮೊಮ್ಮಗಳು ನನ್ನ ಎದುರಿಗೆ ಬಂದು ನಿಂತಳು. "ಮುಟ್ಟಬ್ಯಾಡ ಅಂದಿದ್ನಲ್ಲ ಅಜ್ಜಿ."

"ಡಬ್ಬಿ ಮುಟ್ಲಿಲ್ಲ."

"ನಾನು ಕೇಳ್ದಾಗ ಯಾಕೆ ಹೇಳ್ಲಿಲ್ಲ?"

ಅವಳು ಬೈಯಲಿಲ್ಲ. ನನ್ನ ಕಡೆ ನೋಡುವುದನ್ನು ಬಿಟ್ಟಳು. ಅದಕ್ಕಿಂತ ಬೈದಿದ್ದರೆ ವಾಸಿ ಇತ್ತು. ಚಿಕ್ಕವಳಿದ್ದಾಗಿನಿಂದ ನಾನು ನೋಡಿದ್ದೇನೆ, ಆ ಹುಡುಗಿ ಸಿಟ್ಟು ಬಂದರೆ ಕೆಲಸಕ್ಕೆ ಕೂರುತ್ತಾಳೆ. ಪೆನ್‌ಡ್ರೈವ್ ಚುಚ್ಚಿ, ಫೋನನ್ನು ಲೋಟಕ್ಕೆ ಆನಿಸಿಟ್ಟು, ಗೆಳತಿಯನ್ನು ಕೇಳಿ ಕೇಳಿ ಮೊದಲಿನಿಂದ ಶುರುಮಾಡಿದಳು. ಈ ಸಲ ಗೋಡೆ ಸರಿಸುವುದೇನೂ ಇರಲಿಲ್ಲ. ಹಳೆಯ ಯಜಮಾನನ ಕೋಣೆಯೇ ಇರಲಿಲ್ಲವಲ್ಲ.

ನಾನು ಒಂದು ಸ್ಟೂಲ್ ತಂದು ಮೇನ್ ಕೆಳಗೆ ಹಾಕಿಕೊಂಡು ಕೂತೆ. ಸಂಜೆ ಆರು ಗಂಟೆ ಇರಬಹುದು. ಮತ್ತೆ ಗುಡುಗಿತು, ದೂರದಲ್ಲಿ. ಎರಡನೆಯದು ಅಷ್ಟು ದೂರವಿರಲಿಲ್ಲ. ಬೆನ್ನು ಗೋಡೆಗೆ ಒತ್ತಿ ಕೂತೆ. ಮಗ ಒಳಗಿನಿಂದ ಬಂದು ಮೇನ್ ಕಡೆ ಕೈ ಎತ್ತಿದ.

"ಕೈ ತೆಗಿ" ಎಂದೆ.

"ಟಿವಿ ಹೋದ್ರೆ ಏನು ಮಾಡ್ತಿ ಅವ್ವ?"

"ಟಿವಿ ಪ್ಲಗ್ ಕಿತ್ಹಾಕು. ಮೇನ್ ಮುಟ್ಟಬ್ಯಾಡ."

ಮಧ್ಯಾಹ್ನವೂ ಇಷ್ಟೇ ಮಾಡಬಹುದಿತ್ತು. ಟಿವಿಯ ಪ್ಲಗ್ ಒಂದು ಮಾರು ದೂರದಲ್ಲಿತ್ತು. ಹೊಳೆದಿರಲಿಲ್ಲ.

ಏಳಕ್ಕೆ ಮುಂಚೆ ಒಳಗಿನಿಂದ "ಬಂತು" ಎಂದಳು. ಯಾರಿಗೆ ಹೇಳಿದಳೋ ಗೊತ್ತಿಲ್ಲ, ನಾನು ಎದ್ದು ಹೋದೆ. ತೆರೆ ಸಾರಿಸಿದ ಅಂಗಳದ ಹಾಗೆ ಚೊಕ್ಕಟವಾಗಿತ್ತು. ಆರಿಸಿ ಮತ್ತೆ ಹಚ್ಚಿದಳು, ನಾನು ಗೋಡೆ ಹಿಡಿದು ನೆಲಕ್ಕೆ ಕೂರುವುದರೊಳಗೆ ತೆರೆ ಬೆಳಗಿತು. ಹಳೆಯ ಕಾಲು ಗಂಟೆ ಎಲ್ಲಿ, ಇದೆಲ್ಲಿ. ಅವಳ ತುಟಿ ಸ್ವಲ್ಪ ಅರಳಿದ್ದು ಕಂಡೆ. ಆದರೆ ಹೊಸ ಮನೆಗೆ ಬಂದ ಸೊಸೆ ಉಪ್ಪಿನ ಡಬ್ಬಿ ಹುಡುಕುವ ಹಾಗೆ ಪ್ರತಿಯೊಂದನ್ನೂ ಹುಡುಕುತ್ತಿದ್ದಳು. "ಗಡಿಯಾರನೂ ಬೇರೆ ಕಡೆ ಐತೆ" ಎಂದು ಗೊಣಗಿದಳು. ಗೆಳತಿ ಪ್ರೋಗ್ರಾಮ್ ಕಳಿಸಿದಳು. ಇವಳು ಕಪ್ಪು ಕಿಟಕಿಯೊಂದನ್ನು ತೆಗೆದು ಏನೋ ಬರೆದಳು. ಕಾಲೇಜಿನಲ್ಲಿ ಮುಗ್ಗರಿಸಿದ್ದು ಎರಡು ಕಡೆ ತಿದ್ದಿದ ಮೇಲೆ ಇಲ್ಲಿ ಸಲೀಸಾಗಿ ನಡೆಯಿತು.

ಜಗಳೂರು ಎಂದು ಒತ್ತಿದಳು. ಉದ್ದ ಪಟ್ಟಿ ಬಂತು, ವೇಳೆ ಸಮೇತ. ನ್ಯಾಮತಿ ಎಂದು ಒತ್ತಿದಳು. ಖಾಲಿ. ಹೊನ್ನಾಳಿ, ಖಾಲಿ. ಚನ್ನಗಿರಿ, ಖಾಲಿ.

"ಮೂರು ತಿಂಗಳ ಕೆಲಸ, ಮೂರು ದಿನದಾಗೆ ಆಗಲ್ಲ ಬಿಡು" ಎಂದು ಮುಚ್ಚಳ ಹಾಕಿದಳು. ಆಗುತ್ತದೆ ಎಂದು ನಾನು ಹೇಳಲಿಲ್ಲ. ನನಗೇನು ಗೊತ್ತು? ಊಟಕ್ಕೆ ಏಳು ಎಂದೆ. ಎದ್ದಳು, ಅರ್ಧ ರೊಟ್ಟಿ ತಿಂದಳು. ಮಗ, ಸೊಸೆ ಇಬ್ಬರೂ ತಟ್ಟೆ ನೋಡುತ್ತಿದ್ದರು. ಆಗ ನಾನೇ ಮಗನಿಗೆ ಹೇಳಿದೆ.

"ಅವಳು ಮೂರು ತಿಂಗಳು ನಿಂತಿದ್ದು ರಜೆ ಸಿಕ್ಕಾಗ, ಒಬ್ಬಳೇ. ನಾಳೆ ಅವಳು ಹೊನ್ನಾಳಿಗೆ ಹೋಗ್ಲಿ. ಅಂಗಡಿ ಮುಚ್ಚಿ ನೀನು ಚನ್ನಗಿರಿಗೆ ಹೋಗು. ನ್ಯಾಮತಿಗೆ ನಿನ್ನ ಹೆಂಡ್ತಿ."

"ಜೋಳ ಯಾರು ನೋಡ್ಕೋತಾರೆ ಅತ್ತೆ?" ಸೊಸೆ ಕೇಳಿದಳು.

"ತಾಡಪಾಲು ಮುಚ್ಚಿರ್ಲಿ. ಒಂದಿನ ಒಣಗ್ಲಿಲ್ಲ ಅಂದ್ರೆ ಏನಾತು."

ಮೊಮ್ಮಗಳು ಆ ಹೊತ್ತಿನಿಂದ ಮೊದಲ ಸಲ ನನ್ನ ಮುಖ ನೋಡಿದಳು. "ಸವಳಂಗ?" ಎಂದಳು.

ಮರುದಿನ ಬೆಳಿಗ್ಗೆ ಐದೂವರೆಗೆ ಎದ್ದು, ಮಗನ ಕೈಗಡಿಯಾರ ಮೊಳೆಯಿಂದ ತೆಗೆದುಕೊಂಡು, ಹಳೆಯ ಕ್ಯಾಲೆಂಡರಿನ ಒಂದು ಹಾಳೆ ಹರಿದು ಮಡಚಿ, ನಮ್ಮೂರ ಸ್ಟ್ಯಾಂಡಿಗೆ ಹೋದೆ. ಕಲ್ಲುಬೆಂಚು ಇನ್ನೂ ಒದ್ದೆ ಇತ್ತು, ಸೆರಗಿನಿಂದ ಒರೆಸಿ ಕೂತೆ. ಮೊದಲ ಬಸ್ಸು ಹೊನ್ನಾಳಿಯದು. ಬೋರ್ಡು ಓದಲು ನನಗೆ ಸ್ವಲ್ಪ ಹೊತ್ತು ಬೇಕು, ಅಷ್ಟರಲ್ಲಿ ಕಂಡಕ್ಟರ್ ಸೀಟಿ ಊದಲು ಸಿದ್ಧನಾಗಿದ್ದ.

"ಹತ್ರಿ ಅಜ್ಜಿ, ಎಲ್ಲಿಗೆ?"

"ಎಲ್ಲಿಗೂ ಇಲ್ಲ. ಯಾವ ಯಾವ ಊರಿಗೆ ಹೋಗ್ತೈತೆ, ಎಷ್ಟೊತ್ತಿಗೆ ಹೋಗ್ತೈತೆ, ನಿಧಾನಕ್ಕೆ ಹೇಳ್ರಿ. ಬರ್ಕೋಬೇಕು."

ಅವನು ಹೇಳಿದ. ನಾನು ಬರೆದುಕೊಂಡೆ.