ಸೋರದ ಪೀಪಾಯಿ

ನಮ್ಮ ಪೀಪಾಯಿಗಳ ಬಗ್ಗೆ ನನಗೆ ಬಹಳ ಹೆಮ್ಮೆ ಇತ್ತು. ಅಡಿಕೆಯ ಕೊಳೆರೋಗಕ್ಕೆ ಬಿಡುವ ಮದ್ದು ಮೈಲುತುತ್ತು ಆಗ ವಿಲಾಯಿತಿಯಿಂದ ಹಡಗಿನಲ್ಲಿ, ಗಟ್ಟಿ ಮರದ ಪೀಪಾಯಿಗಳಲ್ಲಿ ಬರುತ್ತಿತ್ತು. ತರಿಸುವ ಕಾಗದ ಬರೆಯುವವನೂ ನಾನೇ, ಬೆಳ್ತಂಗಡಿ ಕಡೆ ಮಾರುವವನೂ ನಾನೇ.

ಮುಂಡಾಜೆಯ ಗಿರಾಕಿಯೊಬ್ಬರು ಒಮ್ಮೆ ಊಟಕ್ಕೆ ಕೂರಿಸಿದರು. ಅವರ ಹೆಂಡತಿ ಮಿಡಿ ಉಪ್ಪಿನಕಾಯಿ ಬಡಿಸುತ್ತಾ, "ಈ ಸಲ ಒಂದು ಚೂರೂ ಬೂಸ್ಟು ಬರಲಿಲ್ಲ. ನಿಮ್ಮ ಖಾಲಿ ಪೀಪಾಯಿಯಲ್ಲಿ ಹಾಕಿದ್ದು, ಅದರ ಗುಣ" ಎಂದರು.

ನನ್ನ ಕೈ ಎಲೆಯ ಮೇಲೆಯೇ ನಿಂತಿತು. "ಅಮ್ಮಾ, ಅದು ವಿಷ. ಯಾರೂ ತಿನ್ನಬೇಡಿ."

"ಹುಣಸೆಹುಳಿ ಹಾಕಿ ಮೂರು ಸಲ ತಿಕ್ಕಿದ್ದೇನೆ."

"ಮರ ಕುಡಿದದ್ದು ತಿಕ್ಕಿದರೆ ಹೋಗುವುದಿಲ್ಲ."

ಗಂಡ ಮೆಲ್ಲಗೆ ಕೇಳಿದರು: "ಖಾಲಿಯಾದ ಮೇಲೂ ಮನೆಗೆ ಉಪಯೋಗ ಉಂಟು ಅಂತ ಹೋದ ವರ್ಷ ನೀವೇ ಹೇಳಿದ್ದಲ್ವಾ?"

ಹೇಳಿದ್ದೆ. ಹೋದ ಮನೆಯಲ್ಲೆಲ್ಲ ಹೇಳಿದ್ದೆ.

ಅವರು ಆಗಲೇ ಹೊಂಡ ತೋಡಿ ವರ್ಷದ ಉಪ್ಪಿನಕಾಯಿಯನ್ನೆಲ್ಲ ಹೂತರು. ನಾನು ವಾರವಿಡೀ ಮನೆಮನೆಗೆ ಹೋಗಿ ನನ್ನ ಮಾತನ್ನು ವಾಪಸು ತೆಗೆದುಕೊಂಡೆ. ಇನ್ನು ಗೋಣಿಚೀಲದಲ್ಲೇ ಕಳಿಸಿ ಎಂದು ವಿಲಾಯಿತಿಗೆ ಬರೆದೆ. ಪೀಪಾಯಿ ಸೋರುತ್ತದೆಯೇ ಎಂದು ಅಲ್ಲಿಂದ ಕಾಗದ ಬಂತು.

ಇಲ್ಲ, ಒಂದು ಹನಿಯೂ ಸೋರುವುದಿಲ್ಲ, ಅದೇ ತೊಂದರೆ ಎಂದು ಬರೆದೆ.