ಸಮುದ್ರಕ್ಕೆ ಚರಗ

ಕಂದಲಗಾಂವದ ಗುರುಬಾಯಿ ಎಳ್ಳಮಾವಾಸ್ಯೆಯ ದಿನ ಹೊಲದಲ್ಲಿ ಅಡುಗೆಯ ಚರಗ ಚೆಲ್ಲಿ, ಪೈರು ಹೊತ್ತ ಬಸುರಿ ಭೂಮಿಗೆ ಉಣಿಸದೆ ತಾನೆಂದೂ ಉಂಡವಳಲ್ಲ. ಈ ಸಲ ಮಗಳು ಪ್ರಾಜಕ್ತಾ ಅದೇ ದಿನ ಅವಳನ್ನು ಕೊಂಕಣದ ದ್ವೀಪವೊಂದಕ್ಕೆ ಕರೆದೊಯ್ದಳು. ಹೊಲ ಕಾಣದೆ ಚಡಪಡಿಸಿದ ಗುರುಬಾಯಿ ಬುತ್ತಿ ಬಿಚ್ಚಿ, ಸಜ್ಜೆರೊಟ್ಟಿ, ಪಲ್ಯ, ಕಡುಬನ್ನು ಸಮುದ್ರಕ್ಕೇ ಚೆಲ್ಲಿದಳು.

ಅಲ್ಲಿನ ಪೂಜಾರಿ ಓಡಿಬಂದು ಮರಾಠಿಯಲ್ಲಿ ಗದರಿದ: "ಅಜ್ಜಿ, ಈ ಸಮುದ್ರ ನಮ್ಮ ದೇವಿಯ ಕಣ್ಣೀರಿನಿಂದ ಹುಟ್ಟಿದ್ದು. ವರ್ಷಕ್ಕೊಂದು ತೆಂಗಿನಕಾಯಿ ಬಿಟ್ಟರೆ ಬೇರೇನೂ ಹಾಕುವಂತಿಲ್ಲ."

ಮರಾಠಿ ತಿಳಿದರೂ ಆಡಲು ಬಾರದ ಗುರುಬಾಯಿ ದಂಡೆಯ ತುಂಬ ಒಣಹಾಕಿದ್ದ ಮೀನನ್ನು ನೋಡಿದಳು. ಆಮೇಲೆ ಮಗಳತ್ತ ತಿರುಗಿದಳು.

"ವರ್ಷಪೂರ್ತಿ ಆಕಿ ಹೊಟ್ಟಿ ಬಗದು ತಿಂತಾರ, ಆಕಿಗಿ ಒಂದ ಕಾಯಿ! ದೇವಿ ಯಾಕ ಅಳ್ತಾಳಂತ ಈ ಪೂಜಾರಿಗಿ ನೀನರ ಮರಾಠ್ಯಾಗ ತಿಳಿಸಿ ಹೇಳವಾ."